ಸೆರೆಯಲ್ಲಿರುವ ರೋಗಿ ಕೇಳುವುದೇನು?

ಕೈ ನಡುಗುವ ಮುದುಕರು ನೀರು ಕುಡಿಯುವುದನ್ನು ನೀವು ಕಂಡಿರಬಹುದು. ಲೋಟ ಬಾಯಿಯ ತನಕ ಬರುವಷ್ಟರಲ್ಲಿ ಅರ್ಧ ನೀರು ಎದೆಯ ಮೇಲೆ ಚೆಲ್ಲಿರುತ್ತದೆ. ಮನೆಯಲ್ಲಾದರೆ ಸೊಸೆಯೋ ಮೊಮ್ಮಗಳೋ ಬಂದು ಲೋಟ ಹಿಡಿಯುತ್ತಾರೆ. ಇಲ್ಲವೇ ಪುಟ್ಟ ಮಕ್ಕಳಿಗೆ ಕೊಡುವಂತಹ ಮೂತಿಯಿರುವ ಲೋಟವನ್ನೋ, ಒಂದು ಸ್ಟ್ರಾವನ್ನೋ ಪೇಟೆಯಿಂದ ತಂದುಕೊಡುತ್ತಾರೆ. ಅದಕ್ಕಾಗಿ ಯಾರೂ ಯಾರಿಗೂ ಅರ್ಜಿ ಬರೆಯುವುದಿಲ್ಲ.

2020ರ ನವೆಂಬರ್ 6ರಂದು ಮುಂಬೈಯ ವಿಶೇಷ ನ್ಯಾಯಾಲಯದಲ್ಲಿ ಅಂತಹದೊಂದು ಅರ್ಜಿ ಸಲ್ಲಿಕೆಯಾಯಿತು. ನೀರು ಕುಡಿಯಲು ಒಂದು ಸ್ಟ್ರಾ ಮತ್ತು ಒಂದು ಸಿಪ್ಪರ್ ಬೇಕೆಂಬುದೇ ಅದರ ಕೋರಿಕೆ. ಅರ್ಜಿದಾರರು ಫಾದರ್ ಸ್ಟಾನ್ ಸ್ವಾಮಿ. ವಯಸ್ಸು 83. ಪಾರ್ಕಿನ್ಸನ್ ಕಾಯಿಲೆಯಿಂದ ಎರಡೂ ಕೈಗಳು ನಡುಗುತ್ತಿದ್ದವು. ಕಿವಿಗಳೆರಡೂ ಮಂದವಾಗಿದ್ದವು. ಅದಕ್ಕೆ ತಿಂಗಳ ಹಿಂದೆ, ಅಕ್ಟೋಬರ್ 8ರಂದು, ರಾಷ್ಟ್ರೀಯ ತನಿಖಾ ಸಂಸ್ಥೆಯವರು ರಾಂಚಿಯ ವಸತಿಯಿಂದ ಅವರನ್ನು ಬಂಧಿಸಿ ತಂದಿದ್ದರು. ಮುಂಬೈ ಸಮೀಪದ ತಲೋಜಾ ಜೈಲಿನಲ್ಲಿ ಅವರು ವಿಚಾರಣಾಧೀನ ಕೈದಿಯಾಗಿದ್ದರು. ಬಂಧನದ ವೇಳೆ ತಮ್ಮ ಬಳಿಯಿದ್ದ ಸಿಪ್ಪರ್ ತನಿಖಾಧಿಕಾರಿಗಳ ವಶದಲ್ಲಿದೆ, ಅದನ್ನು ಮರಳಿಸಬೇಕು ಎಂಬುದು ಅವರ ಮನವಿ. ಉತ್ತರಿಸಲು ತನಿಖಾ ಸಂಸ್ಥೆ 20 ದಿನಗಳ ಕಾಲಾವಕಾಶ ಕೇಳಿತು, ನ್ಯಾಯಾಲಯ ಕೊಟ್ಟಿತು. ನವೆಂಬರ್ 26ರಂದು, ಅಂತಹ ವಸ್ತುಗಳನ್ನು ನಾವು ವಶಪಡಿಸಿಕೊಂಡೇ ಇಲ್ಲ ಎಂದು ಅವರು ಉತ್ತರಿಸಿದರು. ಅರ್ಜಿ ತಿರಸ್ಕೃತವಾಯಿತು. ಮತ್ತೆ ಹೊಸ ಅರ್ಜಿ, ಜೈಲಿನವರಿಂದ ವರದಿ. ಕೊನೆಗೆ ಸಿಪ್ಪರ್ ಜೈಲಿನಲ್ಲಿ ಸಿಕ್ಕಿತೆನ್ನಿ. ಆದರೆ ಒಬ್ಬ ಮುದುಕನ ಬಾಯಿಗೂ ನೀರಿಗೂ ನಡುವೆ ಅಷ್ಟು ದಿನಗಳ ಕಾಗದಪತ್ರ ನಡೆಯಿತು.

ನಮ್ಮ ಮಾಸಿಕದ ಪುಟಗಳಲ್ಲಿ ಒಬ್ಬ ಕ್ರೈಸ್ತ ಪಾದ್ರಿಯ ಪ್ರಸ್ತಾಪ ಏಕೆಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ನಮ್ಮವರ ಸಂಕಟದಲ್ಲಿ ನ್ಯಾಯವನ್ನು ಗುರುತಿಸುವುದು ಸುಲಭ. ಕಣ್ಣೀರೇ ಅದನ್ನು ಗುರುತಿಸಿಕೊಡುತ್ತದೆ. ಪರರ ಸಂಕಟದಲ್ಲಿ ಗುರುತಿಸಲು ಬುದ್ಧಿ ಬೇಕು, ದೀನ್ ಬೇಕು. ಆದ್ದರಿಂದ ಪರರಿಂದಲೇ ಆರಂಭಿಸೋಣ. ಹಾಗೆ ನೋಡಿದರೆ ಸ್ಟಾನ್ ಸ್ವಾಮಿ ನಮ್ಮ ನಾಡಿಗೆ ಪೂರ್ತಿ ಪರಕೀಯರೂ ಅಲ್ಲ. ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಅವರು ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಅನಂತರ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲೆಸಿದರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ನಿಷೇಧಿತ ಮಾವೋವಾದಿ ಸಂಘಟನೆಯೊಂದಿಗೆ ನಂಟಿದೆ ಎಂಬುದು ಅವರ ಮೇಲಿನ ಆರೋಪ. ಅವರು ಅದನ್ನು ನಿರಾಕರಿಸಿದ್ದರು. ಆರೋಪ ಸತ್ಯವೋ ಸುಳ್ಳೋ ಎಂದು ಯಾವ ನ್ಯಾಯಾಲಯವೂ ತೀರ್ಪು ಕೊಡಲಿಲ್ಲ. ವಿಚಾರಣೆ ಆರಂಭವಾಗುವ ಮೊದಲೇ ಅವರು ತೀರಿಕೊಂಡರು.

ನಾನಿಲ್ಲಿ ಆರೋಪದ ಸತ್ಯಾಸತ್ಯತೆಗೆ ಹೋಗುವುದಿಲ್ಲ. ಬೇಕೆಂದೇ ಹೋಗುವುದಿಲ್ಲ. ಏಕೆಂದರೆ ನಿಮ್ಮ ಮುಂದಿಡಬಯಸುವ ಪ್ರಶ್ನೆ ಅಪರಾಧಿಯ ವಿಷಯದಲ್ಲೂ ನಿರಪರಾಧಿಯ ವಿಷಯದಲ್ಲೂ ಒಂದೇ ಆಗಿದೆ. ಸೆರೆಯಲ್ಲಿರುವ ರೋಗಿಯೊಬ್ಬ, ನನ್ನ ದೇಹ ಕುಸಿಯುತ್ತಿದೆ, ನನಗೆ ಪರಿಹಾರ ಕೊಡಿ ಎಂದು ನ್ಯಾಯಾಲಯದ ಮುಂದೆ ಬಂದಾಗ ಆತ ಕೇಳುತ್ತಿರುವುದೇನು? ದಯೆಯನ್ನೋ, ಹಕ್ಕನ್ನೋ? ದಯೆಯಾದರೆ ಕೊಡುವುದು ಕೊಡದಿರುವುದು ಒಡೆಯನ ಮರ್ಜಿ. ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವಿಲ್ಲ. ಹಕ್ಕಾದರೆ ಹಾಗಲ್ಲ. ಕೊಡದವನು ಸಾಲಗಾರನಾಗುತ್ತಾನೆ, ಆ ಸಾಲ ಅಂತ್ಯದಿನದವರೆಗೂ ಅವನ ಕೊರಳಲ್ಲಿರುತ್ತದೆ.

ಬೆಕ್ಕನ್ನು ಕಟ್ಟಿಹಾಕಿದ ಹೆಂಗಸಿನ ಹದೀಸ್ ಮದ್ರಸದ ಮಕ್ಕಳಿಗೂ ಗೊತ್ತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಅದಿದೆ. ಒಂದು ಬೆಕ್ಕಿನ ಕಾರಣದಿಂದ ಆಕೆ ನರಕಕ್ಕೆ ಹೋದಳು. ನಾವು ಸಾಮಾನ್ಯವಾಗಿ ಇದನ್ನು ಪ್ರಾಣಿದಯೆಯ ಪಾಠವಾಗಿ ಹೇಳಿಕೊಡುತ್ತೇವೆ. ನಾನೂ ವರ್ಷಗಳ ಕಾಲ ಹಾಗೆಯೇ ಹೇಳಿಕೊಟ್ಟೆ. ಆದರೆ ಅದರ ಮಾತುಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಆಕೆ ಬೆಕ್ಕಿಗೆ ಹೊಡೆಯಲಿಲ್ಲ, ಬಡಿಯಲಿಲ್ಲ, ಕಲ್ಲೆಸೆಯಲಿಲ್ಲ. ಕಟ್ಟಿಹಾಕಿದಳು. ತಾನೂ ಆಹಾರ ಕೊಡಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆಗಳನ್ನಾದರೂ ಹಿಡಿದು ತಿನ್ನಲಿ ಎಂದು ಬಿಡಲೂ ಇಲ್ಲ. ಅಷ್ಟೇ. ಬೀದಿಯಲ್ಲಿ ಹಸಿದು ಸತ್ತ ಬೆಕ್ಕುಗಳ ಲೆಕ್ಕವನ್ನು ಆಕೆಯಿಂದ ಕೇಳಿದ್ದಾಗಿ ಹದೀಸ್ ಹೇಳುವುದಿಲ್ಲ. ಕೇಳಿದ್ದು ಆಕೆ ಬಾಗಿಲು ಹಾಕಿಟ್ಟ ಬೆಕ್ಕಿನ ಲೆಕ್ಕವನ್ನು ಮಾತ್ರ.

ಬಾಗಿಲು ಹಾಕಿದವನ ಮೇಲೆ ಹೊಣೆ ಬೀಳುತ್ತದೆ. ಇದು ಆ ಹದೀಸಿನ ತಿರುಳೆಂದು ನನಗೆ ತೋರುತ್ತದೆ. ಹೊರಗಿರುವ ಬಡವನಿಗೆ ಕಾಯಿಲೆಯಾದರೆ ಸಾಲ ಮಾಡುತ್ತಾನೆ, ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾನೆ, ನೆರೆಯವನ ಬಾಗಿಲು ತಟ್ಟುತ್ತಾನೆ. ಈ ಎಲ್ಲ ದಾರಿಗಳನ್ನು ನಾವು ಯಾರಿಗೆ ಮುಚ್ಚಿದೆವೋ ಅವನ ದೇಹ ಅಂದಿನಿಂದ ನಮ್ಮ ಕೈಯಲ್ಲಿ ಅಮಾನತ್. ಆತನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಲು ಕಾನೂನಿಗೆ ಅಧಿಕಾರವಿರಬಹುದು. ಆದರೆ ಆತನ ಶ್ವಾಸಕೋಶ, ಮೂತ್ರಪಿಂಡ, ಕಣ್ಣಿನ ಬೆಳಕು ಇವುಗಳನ್ನು ಯಾವ ನ್ಯಾಯಾಧೀಶನೂ ಶಿಕ್ಷೆಯಾಗಿ ಬರೆದಿರುವುದಿಲ್ಲ. ತೀರ್ಪಿನಲ್ಲಿ ಇಲ್ಲದ್ದನ್ನು ಗೋಡೆ ತಾನಾಗಿ ಕಿತ್ತುಕೊಂಡರೆ ಅದು ತೀರ್ಪಿಲ್ಲದ ಶಿಕ್ಷೆ. ಇನ್ನು ವಿಚಾರಣೆಯೇ ಮುಗಿಯದವನ ವಿಷಯದಲ್ಲಂತೂ ಹೇಳುವುದೇನು?

ಸಹೀಹ್ ಮುಸ್ಲಿಮ್‌ನಲ್ಲಿ ಇಮ್ರಾನ್ ಬಿನ್ ಹುಸೈನ್(ರ) ವರದಿ ಮಾಡಿದ ಇನ್ನೊಂದು ಘಟನೆಯಿದೆ. ನಮ್ಮ ಪ್ರವಚನಗಳಲ್ಲಿ ಅದು ಅಷ್ಟಾಗಿ ಬರುವುದಿಲ್ಲ. ಬನೂ ಉಕೈಲ್ ಗೋತ್ರದ ಒಬ್ಬನನ್ನು ಸಹಾಬಿಗಳು ಸೆರೆಹಿಡಿದಿದ್ದರು. ಅವನ ಮಿತ್ರಗೋತ್ರದವರು ಇಬ್ಬರು ಸಹಾಬಿಗಳನ್ನು ಸೆರೆಯಲ್ಲಿಟ್ಟುಕೊಂಡಿದ್ದರು. ಪ್ರವಾದಿ(ಸ) ಅವನ ಬಳಿಯಿಂದ ಹಾದುಹೋಗುವಾಗ ಕಟ್ಟಿನಲ್ಲಿದ್ದ ಅವನು ಹೆಸರು ಹಿಡಿದು ಕೂಗಿದ. ಅವರು ಬಳಿಗೆ ಬಂದು ಏನು ವಿಷಯವೆಂದು ಕೇಳಿದರು. ನನ್ನನ್ನೇಕೆ ಹಿಡಿದಿರಿ ಎಂದ ಅವನು. ಕಾರಣ ಹೇಳಿ ಅವರು ಹೊರಟರು. ಮತ್ತೆ ಕೂಗಿದ. ಪ್ರವಾದಿ(ಸ) ದಯಾಳುವೂ ಮೃದುಹೃದಯಿಯೂ ಆಗಿದ್ದರು ಎಂದು ವರದಿಗಾರರು ಇಲ್ಲಿ ವಿಶೇಷವಾಗಿ ಸೇರಿಸುತ್ತಾರೆ. ಅವರು ಮತ್ತೆ ತಿರುಗಿ ಬಂದರು. ಈಗ ಅವನು, ನಾನು ಮುಸ್ಲಿಮ್ ಎಂದ. ಸೆರೆಯಾಗುವ ಮೊದಲೇ ಇದನ್ನು ಹೇಳಿದ್ದರೆ ನಿನಗೆ ಪೂರ್ಣ ವಿಜಯ ಸಿಗುತ್ತಿತ್ತು ಎಂಬರ್ಥದ ಮಾತು ಹೇಳಿ, ಬಿಡುಗಡೆ ಮಾಡದೆ ಹೊರಟರು. ಮೂರನೆಯ ಸಲ ಕೂಗಿದ. ಮೂರನೆಯ ಸಲವೂ ಬಂದರು. ಹಸಿವಾಗಿದೆ, ಉಣಿಸಿ, ಬಾಯಾರಿಕೆಯಾಗಿದೆ, ಕುಡಿಸಿ ಎಂದ. ಅದು ನಿನ್ನ ಅಗತ್ಯವಷ್ಟೇ ಎಂದು ಅದನ್ನು ಪೂರೈಸಲಾಯಿತು. ಮುಂದೆ ಆ ಇಬ್ಬರು ಸಹಾಬಿಗಳಿಗೆ ಬದಲಾಗಿ ಅವನನ್ನು ಬಿಟ್ಟುಕೊಡಲಾಯಿತು.

ಓದುಗ ಮಿತ್ರರೇ, ಇದು ಒಬ್ಬ ಸೆರೆಯಾಳಿನ ಅರ್ಜಿಯಲ್ಲದೆ ಮತ್ತೇನು? ಇದರಲ್ಲಿ ಎರಡು ಬೇಡಿಕೆಗಳಿವೆ. ಒಂದು ಬಿಡುಗಡೆ, ಇನ್ನೊಂದು ಹಸಿವು ಬಾಯಾರಿಕೆ. ಮೊದಲನೆಯದರ ಬಗ್ಗೆ ಮಾತುಕತೆ ನಡೆಯಿತು, ಕಾರಣ ಹೇಳಲಾಯಿತು, ನಿರಾಕರಿಸಲೂ ಆಯಿತು. ಎರಡನೆಯದರ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ನೀನು ಯಾವ ಗೋತ್ರದವನು, ನಿನ್ನ ಅಪರಾಧವೆಷ್ಟು ದೊಡ್ಡದು, ನಿನ್ನ ಬಾಯಾರಿಕೆ ನಿಜವೆಂಬುದಕ್ಕೆ ಸಾಕ್ಷಿಯೇನು ಎಂದು ಯಾರೂ ಕೇಳಲಿಲ್ಲ. ಇನ್ನೂ ಒಂದು ಮಾತು. ಅವನು ಕೂಗಿದಾಗಲೆಲ್ಲ ಅವರು ತಿರುಗಿ ಬಂದರು. ಉತ್ತರ 'ಇಲ್ಲ' ಎಂದಾಗಿದ್ದರೂ ಬಂದು ಹೇಳಿದರು. ಇಪ್ಪತ್ತು ದಿನ ಬಿಟ್ಟು ಬರಲಿಲ್ಲ.

ನಮ್ಮ ದೇಶದ ಕಾನೂನಿನಲ್ಲಿ ಈ ವಿವೇಕ ಇಲ್ಲವೇ? ಇದೆ. ಜಾಮೀನು ಕೊಡಲಾಗದ ಗಂಭೀರ ಅಪರಾಧಗಳಲ್ಲೂ ಹೆಂಗಸರು, ಮಕ್ಕಳು, ರೋಗಿಗಳು, ಅಶಕ್ತರು ಇವರಿಗೆ ಜಾಮೀನು ಕೊಡಬಹುದೆಂದು ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಜೈಲಿನ ಗೇಟಿನ ಬಳಿ ನಿಂತುಬಿಡುವುದಿಲ್ಲ. ಆದರೆ ಯುಎಪಿಎ ಕಾನೂನಿಗೆ 2008ರಲ್ಲಿ ಸೇರಿಸಲಾದ ಒಂದು ಉಪಕಲಮಿದೆ. ಆರೋಪ ಮೇಲ್ನೋಟಕ್ಕೆ ಸತ್ಯವೆಂದು ಕಂಡರೆ ಜಾಮೀನು ಕೊಡಕೂಡದು ಎಂದು ಅದು ಹೇಳುತ್ತದೆ. ಮೇಲ್ನೋಟ ಎಂದರೆ ಬಹುತೇಕ ಪೊಲೀಸರು ಬರೆದ ಕಾಗದದ ನೋಟ. ಹಾಗಿದ್ದೂ ದಾರಿ ಪೂರ್ತಿ ಮುಚ್ಚಿರಲಿಲ್ಲ. ಅದೇ ಪ್ರಕರಣದ ಇನ್ನೊಬ್ಬ ವೃದ್ಧ ಆರೋಪಿ, ತೆಲುಗು ಕವಿ ವರವರ ರಾವ್ ಅವರಿಗೆ 2021ರ ಫೆಬ್ರವರಿ 22ರಂದು ಮುಂಬೈ ಹೈಕೋರ್ಟ್ ಅನಾರೋಗ್ಯದ ಕಾರಣಕ್ಕಾಗಿ ಆರು ತಿಂಗಳ ಜಾಮೀನು ಕೊಟ್ಟಿತು. ಅದಾದ ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 22ರಂದು, ವಿಶೇಷ ನ್ಯಾಯಾಲಯ ಸ್ಟಾನ್ ಸ್ವಾಮಿಯವರ ಜಾಮೀನು ಅರ್ಜಿಯನ್ನು ತಿರಸ್ಕರಿಸಿತು. ಸಮಾಜದ ಸಾಮೂಹಿಕ ಹಿತದ ಮುಂದೆ ಅವರ ಮುಪ್ಪು ಮತ್ತು ಕಾಯಿಲೆ ಅವರ ಪರವಾಗಿ ತೂಗುವುದಿಲ್ಲ ಎಂಬುದು ಅದರ ಅಭಿಪ್ರಾಯವಾಗಿತ್ತು.

ಕಾಯಿಲೆಗೂ ನ್ಯಾಯಾಲಯಕ್ಕೂ ಗಡಿಯಾರ ಬೇರೆ ಬೇರೆ. ನ್ಯಾಯಾಲಯದ ಗಡಿಯಾರ ವಾಯಿದೆಯಿಂದ ವಾಯಿದೆಗೆ ನಡೆಯುತ್ತದೆ. ಕಾಯಿಲೆಗೆ ರಜೆಯಿಲ್ಲ. ತಲೋಜಾದಲ್ಲಿ ಆ ಮುದುಕರು ಬಿದ್ದರು, ಎದ್ದರು, ಮತ್ತೆ ಬಿದ್ದರು. ಜೊತೆಯ ಕೈದಿಗಳು ಅವರಿಗೆ ಉಣಿಸುತ್ತಿದ್ದರು, ಸ್ನಾನ ಮಾಡಿಸುತ್ತಿದ್ದರು, ಬಟ್ಟೆ ಒಗೆದುಕೊಡುತ್ತಿದ್ದರು, ಮಂಡಿಯ ನೋವಿಗೆ ತಿಕ್ಕುತ್ತಿದ್ದರು. ಅವರಲ್ಲಿ ಕೆಲವರು ಕಡುಬಡವರ ಮನೆಯ ಮಕ್ಕಳೆಂದು, ಅವರಿಗಾಗಿ ಪ್ರಾರ್ಥಿಸಿರೆಂದು ಸ್ಟಾನ್ ಸ್ವಾಮಿ ಹೊರಗಿನ ಮಿತ್ರರಿಗೆ ಪತ್ರ ಬರೆದಿದ್ದರು. ಸೂರಃ ಅದ್ದಹ್ರ್‌ನಲ್ಲಿ ಅಲ್ಲಾಹನು ಪುಣ್ಯವಂತರ ಲಕ್ಷಣ ಹೇಳುವಾಗ ದರಿದ್ರನಿಗೂ ಅನಾಥನಿಗೂ ಜೊತೆಯಾಗಿ ಸೆರೆಯಾಳಿಗೂ ಉಣಿಸುವುದನ್ನು ಹೇಳಿದ್ದಾನಲ್ಲವೇ? ಆ ಕಾಲದ ಸೆರೆಯಾಳುಗಳು ಬಹುದೇವಾರಾಧಕರೇ ಆಗಿದ್ದರೆಂದು ಹಸನ್ ಬಸ್ರಿಯಂತಹ ಹಿರಿಯರು ಅದಕ್ಕೆ ವಿವರಣೆ ಕೊಟ್ಟಿದ್ದಾರೆ. ಆ ವಚನವನ್ನು ಓದುವಾಗಲೆಲ್ಲ ತಲೋಜಾದ ಆ ಹೆಸರಿಲ್ಲದ ಹುಡುಗರು ನನ್ನ ಕಣ್ಣ ಮುಂದೆ ಬರುತ್ತಾರೆ.

2021ರ ಮೇ 21ರಂದು ಹೈಕೋರ್ಟಿನ ನ್ಯಾಯಾಧೀಶರು ವೀಡಿಯೊ ಮೂಲಕ ಸ್ಟಾನ್ ಸ್ವಾಮಿಯವರೊಡನೆಯೇ ಮಾತನಾಡಿದರು. ಜೈಲಿಗೆ ಬಂದಾಗ ನಾನೇ ನಡೆಯುತ್ತಿದ್ದೆ, ನಾನೇ ಸ್ನಾನ ಮಾಡುತ್ತಿದ್ದೆ, ಸ್ವಲ್ಪ ಬರೆಯಲೂ ಆಗುತ್ತಿತ್ತು. ಒಂದೊಂದಾಗಿ ಎಲ್ಲವೂ ಹೋಯಿತು ಎಂಬುದು ಅವರು ಹೇಳಿದುದರ ಸಾರ. ಸರಕಾರಿ ಆಸ್ಪತ್ರೆಗೆ ಸೇರಿಸೋಣವೇ ಎಂದರೆ ಅವರು ಒಪ್ಪಲಿಲ್ಲ. ತಮ್ಮವರ ಬಳಿಗೆ ಹೋಗಬೇಕು, ಇಲ್ಲವಾದರೆ ಇಲ್ಲೇ ಸಾಯುತ್ತೇನೆ ಎಂದರು. ಮೇ 28ರಂದು ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಲು ಅನುಮತಿ ಸಿಕ್ಕಿತು. ಅಲ್ಲಿ ಪರೀಕ್ಷಿಸಿದಾಗ ಕೋವಿಡ್ ತಗಲಿರುವುದು ಗೊತ್ತಾಯಿತು. ಜುಲೈ 5ರಂದು ಅವರ ಜಾಮೀನು ಅರ್ಜಿ ಹೈಕೋರ್ಟಿನ ಮುಂದೆ ಬಂತು. ಅವರು ತೀರಿಕೊಂಡ ಸುದ್ದಿಯನ್ನು ಆಸ್ಪತ್ರೆಯ ವೈದ್ಯರು ನ್ಯಾಯಾಧೀಶರಿಗೆ ತಿಳಿಸಿದರು.

ಇಲ್ಲಿ ಒಂದು ಆಕ್ಷೇಪವಿದೆ. ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಾಗದು. ರೋಗವನ್ನು ನೆಪ ಮಾಡಿಕೊಳ್ಳುವವರಿಲ್ಲವೇ? ಬಂಧನವಾದ ದಿನವೇ ಎದೆನೋವು ಬರುವ ದೊಡ್ಡ ಮನುಷ್ಯರನ್ನು ನಾವು ಕಂಡಿಲ್ಲವೇ? ಪೊಲೀಸ್ ಜೀಪಿನಿಂದ ನೇರವಾಗಿ ಹವಾನಿಯಂತ್ರಿತ ಕೋಣೆಗೆ ಹೋಗಿ, ಜಾಮೀನು ಸಿಕ್ಕ ಮರುದಿನ ಗುಣಮುಖರಾಗಿ ಹಾರ ಹಾಕಿಸಿಕೊಳ್ಳುವವರಿದ್ದಾರೆ. ನಿಜ. ಆದರೆ ಇದರಿಂದ ಸಿದ್ಧವಾಗುವುದೇನು? ರೋಗವನ್ನು ಪರೀಕ್ಷಿಸಬೇಕು ಎಂಬುದು ತಾನೇ? ಅದಕ್ಕೆ ವೈದ್ಯರಿದ್ದಾರೆ, ರಕ್ತಪರೀಕ್ಷೆಯಿದೆ, ನ್ಯಾಯಾಲಯ ನೇಮಿಸುವ ವೈದ್ಯಕೀಯ ಮಂಡಳಿಯಿದೆ. ಸುಳ್ಳು ಹೇಳುವ ಹತ್ತು ಮಂದಿಯ ಭಯದಿಂದ ನಿಜ ಹೇಳುವ ಒಬ್ಬನ ಬಾಯಿಗೆ ಬೀಗ ಹಾಕುವುದು ಪರೀಕ್ಷೆಯಲ್ಲ, ಸೋಮಾರಿತನ. ಅಲ್ಲದೆ, ನೆಪ ಹೇಳಿ ತಪ್ಪಿಸಿಕೊಳ್ಳುವವನು ಸಾಮಾನ್ಯವಾಗಿ ಹಣವಂತ. ಅವನಿಗೆ ಒಳ್ಳೆಯ ವಕೀಲ, ಬೇಕಾದಂತೆ ಬರೆದುಕೊಡುವ ವೈದ್ಯ ಇಬ್ಬರೂ ಸಿಗುತ್ತಾರೆ. ಕಟ್ಟುನಿಟ್ಟಿನ ಭಾರ ಬೀಳುವುದು ಇವೆರಡೂ ಇಲ್ಲದವನ ಮೇಲೆ.

ಇಸ್ಲಾಮೀ ಶಿಕ್ಷಾವಿಧಿಗಳನ್ನು ಕಠೋರವೆಂದು ದೂರುವವರು ಈ ಸಂಗತಿಯನ್ನು ಗಮನಿಸುವುದೇ ಇಲ್ಲ. ವಿಚಾರಣೆ ಮುಗಿದು ಅಪರಾಧ ಸ್ಥಿರಪಟ್ಟ ಮೇಲೂ ರೋಗಿಯ ಶಿಕ್ಷೆಯನ್ನು ಮುಂದೂಡಲಾಗುತ್ತಿತ್ತು. ಒಬ್ಬಾಕೆಗೆ ಶಿಕ್ಷೆ ವಿಧಿಸಲು ಪ್ರವಾದಿ(ಸ) ಹ. ಅಲಿ(ರ)ಯವರನ್ನು ಕಳುಹಿಸಿದ್ದರು. ಹೋಗಿ ನೋಡಿದರೆ ಆಕೆ ಹೆರಿಗೆಯಾದ ಹೊಸಬಾಣಂತಿ. ಈಗ ಹೊಡೆದರೆ ಸಾಯಬಹುದೆಂದು ಅಂಜಿ ಅಲಿ(ರ) ಹಾಗೆಯೇ ಮರಳಿ ಬಂದು ತಿಳಿಸಿದರು. ಪ್ರವಾದಿ(ಸ) ಅದನ್ನು ಮೆಚ್ಚಿದರು. ಗಾಮಿದ್ ಗೋತ್ರದ ಗರ್ಭಿಣಿಯ ಪ್ರಕರಣದಲ್ಲಿ ಹೆರಿಗೆಯಾಗುವ ತನಕ, ಅನಂತರ ಮಗು ಹಾಲು ಬಿಡುವ ತನಕ ಶಿಕ್ಷೆ ಕಾದು ನಿಂತಿತು. ಶಿಕ್ಷೆಯೇ ಕಾಯಬಹುದಾದರೆ ಬರಿಯ ವಿಚಾರಣೆ ಕಾಯಲಾರದೇ? ಅಬ್ಬಾಸೀ ಖಲೀಫಾ ಮುಕ್ತದಿರನ ಕಾಲದಲ್ಲಿ, ಅಂದರೆ ಹಿಜ್ರಿ ನಾಲ್ಕನೇ ಶತಮಾನದ ಆರಂಭದಲ್ಲಿ, ವಜೀರ ಅಲಿ ಬಿನ್ ಈಸಾ ಬಗ್ದಾದಿನ ಮುಖ್ಯ ವೈದ್ಯ ಸಿನಾನ್ ಬಿನ್ ಸಾಬಿತ್‌ಗೆ ಒಂದು ಆಜ್ಞೆ ಬರೆದ. ಜೈಲುಗಳಲ್ಲಿ ಜನ ತುಂಬಿರುವುದರಿಂದಲೂ ಇಕ್ಕಟ್ಟಿನಿಂದಲೂ ಅವರಿಗೆ ರೋಗ ತಪ್ಪಿದ್ದಲ್ಲ. ಅವರಾಗಿ ವೈದ್ಯರ ಬಳಿಗೆ ಹೋಗಲಾರರು. ಆದ್ದರಿಂದ ದಿನವೂ ವೈದ್ಯರು ಔಷಧ ಪಾನಕಗಳೊಂದಿಗೆ ಜೈಲುಗಳಿಗೆ ಹೋಗಬೇಕು ಎಂಬುದು ಅದರ ಸಾರ. ಅವರಾಗಿ ಹೋಗಲಾರರು ಎಂಬ ಆ ಒಂದು ಕಾರಣ ಸಾಕು. ಬೆಕ್ಕಿನ ಹದೀಸ್ ಅರ್ಥವಾದವನ ಮಾತು ಅದು. ಅದಕ್ಕೂ ಮೊದಲು ಇಮಾಮ್ ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್'ನಲ್ಲಿ, ಕೈದಿಗಳಿಗೆ ರೊಟ್ಟಿಯ ಬದಲು ಹಣವನ್ನೇ ಕೊಡಿ, ರೊಟ್ಟಿಯಾದರೆ ಕಾವಲುಗಾರರು ತಿಂದುಬಿಡುತ್ತಾರೆ ಎಂದು ಖಲೀಫಾ ಹಾರೂನ್ ರಶೀದನಿಗೆ ಸಲಹೆ ಮಾಡಿದ್ದರು. ಕಾವಲುಗಾರರ ಸ್ವಭಾವ ಆ ಇಮಾಮರಿಗೆ ಚೆನ್ನಾಗಿಯೇ ಗೊತ್ತಿತ್ತು! ಮುಸ್ಲಿಮ್ ಆಡಳಿತಗಾರರೆಲ್ಲ ಹೀಗೆಯೇ ನಡೆದುಕೊಂಡರೆಂದು ನಾನು ಹೇಳುತ್ತಿಲ್ಲ. ಅಬೂ ಯೂಸುಫರ ಗುರು ಇಮಾಮ್ ಅಬೂ ಹನೀಫಾರೇ ಹಿಜ್ರಿ 150ರಲ್ಲಿ ಬಗ್ದಾದಿನಲ್ಲಿ ಸೆರೆಮನೆಯಲ್ಲಿ ತೀರಿಕೊಂಡರೆಂದು ಚರಿತ್ರಕಾರರು ಬರೆದಿದ್ದಾರೆ.

ಇನ್ನು ನಾನು ಬರೆಯಲು ಹಿಂಜರಿದ ಮಾತು.

ಇಷ್ಟು ಓದಿದ ನಿಮ್ಮ ಮನಸ್ಸಿನಲ್ಲಿ ಅಬ್ದುನ್ನಾಸಿರ್ ಮಅದನಿಯವರ ನೆನಪು ಬಂದಿರಬಹುದು. ಬರಬೇಕಾದುದೇ. 1992ರಲ್ಲಿ ಬಾಂಬ್ ದಾಳಿಯಲ್ಲಿ ಒಂದು ಕಾಲು ಕಳೆದುಕೊಂಡವರು. ಕೊಯಮತ್ತೂರು ಪ್ರಕರಣದಲ್ಲಿ 1998ರಿಂದ ಒಂಬತ್ತು ವರ್ಷ ಸೆರೆಯಲ್ಲಿದ್ದು 2007ರಲ್ಲಿ ದೋಷಮುಕ್ತರಾದವರು. 2010ರಲ್ಲಿ ಮತ್ತೆ ಬೆಂಗಳೂರು ಸ್ಫೋಟ ಪ್ರಕರಣದಲ್ಲಿ ಬಂಧಿತರಾಗಿ ಪರಪ್ಪನ ಅಗ್ರಹಾರದಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಬೆಳಕು ಕುಂದುತ್ತಿದ್ದವರು. ಚಿಕಿತ್ಸೆಗಾಗಿ 2014ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಜಾಮೀನು ಕೊಡುವ ತನಕ ಎಷ್ಟು ಮಸೀದಿಗಳಲ್ಲಿ ಅವರಿಗಾಗಿ ದುಆ ನಡೆದಿತ್ತು! ನಾನೂ ಕೈಯೆತ್ತಿ ಆಮೀನ್ ಹೇಳಿದವನೇ.

ಈಗ ಇನ್ನೊಂದು ಹೆಸರು. ಬಾಬು ಬಜರಂಗಿ. 2002ರ ಫೆಬ್ರವರಿ 28ರಂದು ಅಹ್ಮದಾಬಾದಿನ ನರೋಡಾ ಪಾಟಿಯಾದಲ್ಲಿ 97 ಮುಸ್ಲಿಮರನ್ನು, ಅವರಲ್ಲಿ ಎಳೆಯ ಮಕ್ಕಳೂ ಹೆಂಗಸರೂ ಇದ್ದರು, ಕೊಂದ ಪ್ರಕರಣದಲ್ಲಿ 2012ರಲ್ಲಿ ಶಿಕ್ಷೆಗೊಳಗಾದವನು. 2018ರಲ್ಲಿ ಗುಜರಾತ್ ಹೈಕೋರ್ಟೂ ಅಪರಾಧವನ್ನು ಎತ್ತಿಹಿಡಿದು 21 ವರ್ಷಗಳ ಸೆರೆ ವಿಧಿಸಿತು. 2019ರ ಮಾರ್ಚ್ 7ರಂದು ಸುಪ್ರೀಮ್ ಕೋರ್ಟ್ ಅವನಿಗೆ ಜಾಮೀನು ಕೊಟ್ಟಿತು. ಕಾರಣ ಅನಾರೋಗ್ಯ. ಕಣ್ಣು ಕಾಣಿಸುವುದಿಲ್ಲ, ಕಿವಿ ಕೇಳಿಸುವುದಿಲ್ಲ, ಹೃದಯದ ಶಸ್ತ್ರಚಿಕಿತ್ಸೆಯಾಗಿದೆ ಎಂಬುದು ಅವನ ಅರ್ಜಿಯಾಗಿತ್ತು.

ಆ ಸುದ್ದಿ ಓದಿದ ದಿನ ನನಗೆ ಏನನಿಸಿತೆಂದು ಬರೆಯಲು ನಾಚಿಕೆಯಾಗುತ್ತದೆ. ಅವನು ಅಲ್ಲೇ ಕೊಳೆಯಲಿ ಎನಿಸಿತು. ಇಂದೂ ಆ ಭಾವನೆ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ತನ್ನವರನ್ನು ಅಲ್ಲಿ ಕಳೆದುಕೊಂಡ ತಾಯಿಯೊಬ್ಬಳು ಹಾಗೆ ಹೇಳಿದರೆ ಅವಳಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ಆದರೆ ನಾನು ಆ ತಾಯಿಯಲ್ಲ. ನಾನು ಮಕ್ಕಳಿಗೆ ದೀನ್ ಕಲಿಸುವವನು. ಯಾವುದೇ ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಅರ್ಥದ ಆಜ್ಞೆ ಸೂರಃ ಅಲ್ ಮಾಇದಃದಲ್ಲಿದೆಯಲ್ಲ, ಅದು ನಮ್ಮನ್ನು ಪ್ರೀತಿಸುವವರ ವಿಷಯದಲ್ಲಿ ಇಳಿದದ್ದಲ್ಲ. ಕಣ್ಣು ಕಾಣದ ಕೈದಿಗೆ ಚಿಕಿತ್ಸೆಯ ಹಕ್ಕಿದೆ ಎಂದಾದರೆ ಅವನಿಗೂ ಇದೆ. ಬಿಡುಗಡೆಯ ಪ್ರಶ್ನೆ ಬೇರೆ. ಬನೂ ಉಕೈಲಿನ ಸೆರೆಯಾಳಿನಂತೆ ಅದರ ಮೇಲೆ ವಾದ ನಡೆಯಬಹುದು. ಶಿಕ್ಷೆಯಾದವನನ್ನು ಕಾವಲಿನಲ್ಲೇ ಆಸ್ಪತ್ರೆಯಲ್ಲಿಡಬಹುದಿತ್ತಲ್ಲ, ನೊಂದವರ ಮಾತನ್ನು ಸಾಕಷ್ಟು ಕೇಳಲಾಯಿತೇ ಎಂದು ಖಂಡಿತ ಕೇಳಬಹುದು. ನಾನೂ ಕೇಳುತ್ತೇನೆ. ಆದರೆ ಅವನಿಗೆ ಔಷಧ ಸಿಕ್ಕಿತೆಂದು ಕೇಳಲಾರೆ.

ಅವನಿಗೆ ಕೊಟ್ಟದ್ದರ ಮೇಲಲ್ಲ, ಇವರಿಗೆ ಕೊಡದಿದ್ದುದರ ಮೇಲೆ ನಮ್ಮ ದೂರು ಇರಬೇಕು. ಶಿಕ್ಷೆಯಾದವನ ಕಣ್ಣಿಗೆ ಒಂದು ತೂಕ, ವಿಚಾರಣೆಯೇ ಆಗದ ಮುದುಕನ ನಡುಗುವ ಕೈಗೆ ಇನ್ನೊಂದು ತೂಕ. ಅಳತೆಯಲ್ಲಿ ಮೋಸ ಮಾಡುವವರ ಕುರಿತು ಒಂದು ಸೂರಃವೇ ಇದೆ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಪ್ರವಾದಿ(ಸ)ಯವರ ಚಿಕ್ಕಪ್ಪ ಅಬ್ಬಾಸ್ ಕೂಡ ಇದ್ದರು. ರಾತ್ರಿ ಅವರ ನರಳಾಟ ಕೇಳಿ ಪ್ರವಾದಿ(ಸ)ಗೆ ನಿದ್ದೆ ಹತ್ತಲಿಲ್ಲ. ಕಾರಣ ತಿಳಿದ ಒಬ್ಬರು ಎದ್ದು ಹೋಗಿ ಅಬ್ಬಾಸರ ಕಟ್ಟನ್ನು ಸಡಿಲಿಸಿದರು. ನರಳಾಟ ನಿಂತಿತು. ಏಕೆ ನಿಂತಿತೆಂದು ಪ್ರವಾದಿ(ಸ) ವಿಚಾರಿಸಿದರು. ತಿಳಿದಾಗ, ಎಲ್ಲ ಸೆರೆಯಾಳುಗಳ ಕಟ್ಟನ್ನೂ ಹಾಗೆಯೇ ಸಡಿಲಿಸಿ ಎಂದರು. ಇದು ಸೀರತ್ ಗ್ರಂಥಗಳಲ್ಲಿ ಬಂದಿದೆ. ಆ ಎಲ್ಲರೂ ಅದೇ ದಿನ ಅವರ ವಿರುದ್ಧ ಕತ್ತಿ ಹಿರಿದು ಬಂದವರಾಗಿದ್ದರು.

ನಮ್ಮ ಮಸೀದಿಗಳಲ್ಲಿ ಸೆರೆಯಾಳುಗಳಿಗಾಗಿ ದುಆ ಮಾಡುವಾಗ ನಾವು ಯಾರನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ? ಅನ್ಯಾಯವಾಗಿ ಸೆರೆಯಾದ ನಮ್ಮವರನ್ನು. ನ್ಯಾಯವಾಗಿಯೇ ಸೆರೆಯಾದ ನಮ್ಮವರನ್ನೂ ಅಲ್ಲ! ಅವರ ಮನೆಯವರನ್ನು ಕಂಡರೆ ದಾರಿ ಬದಲಿಸುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನ ತಂದೆ ಜಾಗದ ಜಗಳದಲ್ಲಿ ನೆರೆಯವನ ಕೈ ಮುರಿದು ಜೈಲಿಗೆ ಹೋದ. ಹೊಡೆದದ್ದು ನಿಜ, ಆತನೇ ಒಪ್ಪಿಕೊಂಡಿದ್ದ. ಹೊಡೆಸಿಕೊಂಡವರೂ ನಮ್ಮ ಜಮಾಅತಿನವರೇ. ಇಂದೂ ಅವರ ಬಲಗೈ ಮೇಲೇಳುವುದಿಲ್ಲ. ಒಳಗೆ ಆತನ ಮೂತ್ರಪಿಂಡ ಕೆಟ್ಟಿತು. ಮುಖ ಊದಿಕೊಂಡಿದೆ, ನೋವಿನ ಮಾತ್ರೆ ಮಾತ್ರ ಕೊಡುತ್ತಿದ್ದಾರೆ ಎಂದು ಭೇಟಿಗೆ ಹೋದ ಹೆಂಡತಿ ಅಳುತ್ತಾ ಬಂದಳು. ಉಸ್ತಾದರು ಕನ್ನಡ ಬಿ.ಎ. ಮಾಡಿದವರು, ಅರ್ಜಿ ಬರೆದುಕೊಡಲಿ ಎಂದು ಯಾರೋ ಹೇಳಿದ್ದರಂತೆ. ಬರೆದುಕೊಟ್ಟೆ. ಎರಡು ಪುಟ. ಆತನ ಬಡತನ, ಎಳೆಯ ಮಕ್ಕಳು, ಕರುಣೆ, ಕೃಪೆ, ಪಾದಾರವಿಂದ ಎಲ್ಲವೂ ಅದರಲ್ಲಿತ್ತು.

ಅವಳು ಅದನ್ನು ಹಿಡಿದುಕೊಂಡು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದಳು. ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನಿದೆ; ನಿಮ್ಮಲ್ಲಿ ಬಹಳ ಮಂದಿಗೆ ಇದು ತಿಳಿದಿರಲಾರದು, ನನಗೂ ಅಂದು ತಿಳಿದಿರಲಿಲ್ಲ. ಅಲ್ಲಿ ಸಿಕ್ಕ ವಕೀಲರು ವಯಸ್ಸಾದವರು, ನಮ್ಮವರಲ್ಲ. ನನ್ನ ಎರಡು ಪುಟಗಳನ್ನು ಓದಿ ನನ್ನನ್ನೇ ಕರೆಸಿದರು. ಮೇಷ್ಟ್ರೇ, ಇದರಲ್ಲಿ ಕಣ್ಣೀರು ಬಿಟ್ಟು ಬೇರೇನೂ ಇಲ್ಲ ಎಂದರು. ಯಾವ ದಿನದಿಂದ ಮೂತ್ರ ಕಡಿಮೆಯಾಯಿತು, ಜೈಲಿನ ವೈದ್ಯರು ಯಾವತ್ತು ನೋಡಿದರು, ಮೊದಲೇ ಸಕ್ಕರೆ ಕಾಯಿಲೆಯಿತ್ತೇ, ಹೊರಗಿದ್ದಾಗಿನ ಆಸ್ಪತ್ರೆ ಚೀಟಿಗಳೆಲ್ಲಿ ಎಂದು ಒಂದೊಂದಾಗಿ ಕೇಳಿದರು. ನಾನು ಬರೆದ 'ಕರುಣೆ' ಎಂಬ ಪದದ ಮೇಲೆಲ್ಲ ಅವರ ಪೆನ್ನು ಅಡ್ಡಗೀಟು ಎಳೆಯುತ್ತ ಹೋಯಿತು. ಕೊನೆಗೆ ಉಳಿದದ್ದು ಅರ್ಧ ಪುಟ. ತಾರೀಕುಗಳು, ವರದಿಗಳು, ಚಿಕಿತ್ಸೆ ಕೊಡಿಸತಕ್ಕದ್ದು ಎಂಬ ಒಂದು ವಾಕ್ಯ. ನಾನು ದೇವಭಾಷೆಯಲ್ಲಿ ಓದಿದ್ದನ್ನು ಅವರು ಕೋರ್ಟಿನ ಭಾಷೆಯಲ್ಲಿ ತಿಳಿದಿದ್ದರು.

ಅರ್ಜಿ ಹಾಕುವ ಮೊದಲು ಕೈ ಮುರಿದವರ ಮನೆಗೂ ಹೋಗಿ ಹೇಳಬೇಕೆನಿಸಿತು. ಹೋದೆ. ಅವರು ಹಜಾರದಲ್ಲಿ ಎಡಗೈಯಿಂದ ಚಹಾ ಕುಡಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಿಡುವುದಾದರೆ ನನ್ನ ವಕೀಲರು ತಕರಾರು ಹಾಕುತ್ತಾರೆ. ಮದ್ದು ಕೊಡುವುದಾದರೆ ಕೊಡಲಿ, ಅದಕ್ಕೆ ನನ್ನನ್ನೇಕೆ ಕೇಳುತ್ತೀರಿ ಎಂದರು.

ಜಾಮೀನು ಸಿಗಲಿಲ್ಲ. ಕಾವಲಿನಲ್ಲಿ ಜಿಲ್ಲಾಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕೆಂದು ಆದೇಶವಾಯಿತು. ವಾರಕ್ಕೆರಡು ದಿನ ಒಬ್ಬ ಪೊಲೀಸ್ ಪೇದೆಯ ಜೊತೆ ಆತ ಆಸ್ಪತ್ರೆಗೆ ಬರುತ್ತಿದ್ದ. ಆ ದಿನಗಳಲ್ಲಿ ಹುಡುಗ ನನ್ನ ತರಗತಿಗೆ ಅರ್ಧ ಗಂಟೆ ತಡವಾಗಿ ಬರುತ್ತಿದ್ದ. ಏಕೆಂದು ನಾನು ಕೇಳುತ್ತಿರಲಿಲ್ಲ.